ಶಾಲೆಯಲ್ಲಿ ಮಗುವನ್ನು ಕಟ್ಟಿ ಹಾಕೋದು, ಕೂಡಿ ಹಾಕೋದು: ನಿಮ್ಮ ಮಕ್ಕಳಿಗೂ ಆಗಿದೆಯಾ?

ಚಿನ್ನು ಅಮ್ಮ, ಕುವೆಂಪುನಗರ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಬರೆಯೋದಾ ಬೇಡವಾ ಅಂತ ನಾಲ್ಕು ದಿನ ಯೋಚಿಸಿದೆ. ನಮ್ಮ ಮನೆಯವರು ಬೇಡ ಎಂದರು. ಆದರೂ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಎಂಟು ವರ್ಷ. ಆಟಿಸಂ ಇದೆ, ಬಾಯಲ್ಲಿ ಮಾತು ಬಂದಿಲ್ಲ. ಮನೆ ಹತ್ತಿರದ ಖಾಸಗಿ ಶಾಲೆಯಲ್ಲಿ ಎರಡನೇ ಕ್ಲಾಸು. ಶಾಲೆ ಹೆಸರು ಹೇಳುವುದಿಲ್ಲ, ಕೇಳಬೇಡಿ.

ದಸರಾಗೆ ನಮ್ಮಲ್ಲಿ ಬೊಂಬೆ ಕೂರಿಸುತ್ತೇವೆ. ಈ ಸಲ ಮೂರನೇ ದಿನ ಬೆಳಿಗ್ಗೆ ನೋಡಿದರೆ ಶೆಟ್ಟಿ ಬೊಂಬೆ ಇಲ್ಲ. ಶೆಟ್ಟಮ್ಮ ಒಬ್ಬಳೇ ಅಕ್ಕಿ ಬೇಳೆ ಮುಂದೆ ಕೂತಿದ್ದಾಳೆ. ಹುಡುಕಿ ಹುಡುಕಿ ಕೊನೆಗೆ ಬಚ್ಚಲುಮನೆಯಲ್ಲಿ ಸಿಕ್ಕಿತು. ತಂದು ಇಟ್ಟೆ. ಮರುದಿನ ಮತ್ತೆ ಅಲ್ಲೇ. ಮೂರನೇ ಸಲ ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಚಿನ್ನು ಬೊಂಬೆಯನ್ನು ಎರಡೂ ಕೈಲಿ ಎತ್ತಿಕೊಂಡು ಹೋದ. ಒಳಗೆ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ. ಲೈಟ್ ಆರಿಸಿದ. ಹೊರಗೆ ಬಂದು ಚಿಲಕ ಹಾಕಿದ. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ತುಟಿ ಮೇಲೆ ಬೆರಳಿಟ್ಟುಕೊಂಡ.

ನಮ್ಮ ಮನೆಯಲ್ಲಿ ಯಾರೂ ಅವನಿಗೆ ಹಾಗೆ ಮಾಡಿಲ್ಲ.

ಶಾಲೆಯ ಆಯಾಗೆ ಫೋನ್ ಮಾಡಿದೆ. ಪಾಪ, ಮೊದಲು ಏನೂ ಹೇಳಲಿಲ್ಲ. ಆಮೇಲೆ ಹೇಳಿದರು: "ಮೆಟ್ಟಿಲು ಕೆಳಗಡೆ ಆಟದ ಸಾಮಾನು ರೂಮಮ್ಮ. ಜೂನಿಂದಾನೂ ನಡೀತಿದೆ. ಜಾಸ್ತಿ ಹೊತ್ತಲ್ಲ, ಕಾಲು ಗಂಟೆ. ಚೇರಿಂದ ಎದ್ದೆದ್ದು ಓಡಿದ್ರೆ ವೇಲಲ್ಲಿ ಕಟ್ತಾರೆ. ನನ್ ಹೆಸರು ಹೇಳ್ಬೇಡಿ."

ಹೆಡ್ ಮೇಡಂ ಹತ್ತಿರ ಹೋದೆ. ಅದು ಕೂಡಿ ಹಾಕೋದಲ್ಲವಂತೆ, "ಕಾಮ್ ಡೌನ್ ರೂಮ್" ಅಂತೆ. ಅವನ ಒಳ್ಳೆಯದಕ್ಕೇ ಅಂತೆ. ಒಳಗೆ ಹರಿದ ಮ್ಯಾಟು, ಹರ್ಡಲ್ಸ್ ಕಂಬಿ, ಕಿಟಕಿ ಇಲ್ಲ, ಸ್ವಿಚ್ ಹೊರಗಡೆ.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಏನು ಮಾಡಿದಿರಿ? ದಯವಿಟ್ಟು ಬೇರೆ ಶಾಲೆಗೆ ಹಾಕಿ ಅನ್ನಬೇಡಿ. ಇದು ಮೂರನೇ ಶಾಲೆ.

ನಂಜನಗೂಡು ರಸಬಾಳೆ (ಸೋಮವಾರ ರಾತ್ರಿ)

ಅಕ್ಕ, ಓದಿ ಕೈಕಾಲು ತಣ್ಣಗಾಯಿತು. ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ಹೋದ ವರ್ಷ ಕೂಡಿ ಹಾಕಿರಲಿಲ್ಲ, ಆದರೆ ಊಟದ ಹೊತ್ತಿಗೆ ಒಬ್ಬಳನ್ನೇ ಸ್ಟಾಫ್ ರೂಮ್ ಪಕ್ಕದ ಕಾರಿಡಾರಲ್ಲಿ ಬೆಂಚು ಅಡ್ಡ ಇಟ್ಟು ಕೂರಿಸುತ್ತಿದ್ದರು. "ಚೆಲ್ಲುತ್ತಾಳೆ" ಅಂತ. ಅದೂ ಇದೇ ಲೆಕ್ಕಕ್ಕೆ ಬರುತ್ತದಾ? ನಾನು ಇಷ್ಟು ದಿನ ಇದೇನು ದೊಡ್ಡ ವಿಷಯ ಅಂತ ಸುಮ್ನಿದ್ದೆ.

ಬೋಗಾದಿ ರೋಡ್ ಥೆರಪಿ (ಸೋಮವಾರ ರಾತ್ರಿ)

ರಸಬಾಳೆಯವರೇ, ಬರುತ್ತದೆ. ಮಗು ತಾನಾಗಿ ಎದ್ದು ಬರಲು ಆಗದ ಹಾಗೆ ಒಬ್ಬಳನ್ನೇ ಬಿಟ್ಟರೆ ಬಾಗಿಲು ಇದ್ದರೇನು, ಬೆಂಚು ಇದ್ದರೇನು.

ಚಿನ್ನು ಅಮ್ಮ, ಮೊದಲ ಕೆಲಸ ಇದು: ಅವನು ಬೊಂಬೆ ಕೂಡಿ ಹಾಕುವುದನ್ನು ಮತ್ತೆ ಮಾಡಿದರೆ ವಿಡಿಯೊ ಮಾಡಿ. ನೀವಾಗಿ ಮಾಡಿಸಬೇಡಿ. ದಿನಾಂಕ, ಸಮಯ ಒಂದು ಪುಸ್ತಕದಲ್ಲಿ ಬರೆದಿಡಿ. ಮೈಮೇಲೆ ಗುರುತಿದ್ದರೆ ಫೋಟೊ ತೆಗೆದು ಡಾಕ್ಟರ ಹತ್ತಿರ ಬರೆಸಿ. ಮಾತಿಲ್ಲದ ಮಗು ಹೇಳೋದು ಹೀಗೇ.

ನಾನು ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಹಠ ಬೇರೆ, ಮೆಲ್ಟ್‌ಡೌನ್ ಬೇರೆ ಅನ್ನೋದು ಶಾಲೆಗಳಿಗೆ ಇನ್ನೂ ಅರ್ಥ ಆಗಿಲ್ಲ. ಹಠ ಮಾಡುವ ಮಗು ಮಧ್ಯೆ ಮಧ್ಯೆ ನಿಮ್ಮ ಮುಖ ನೋಡುತ್ತದೆ, ಬೇಕಾದ್ದು ಸಿಕ್ಕರೆ ನಿಲ್ಲಿಸುತ್ತದೆ. ಮೆಲ್ಟ್‌ಡೌನ್‌ನಲ್ಲಿ ಆ ಹಿಡಿತ ಮಗುವಿಗೇ ಇರುವುದಿಲ್ಲ. ಸದ್ದು, ಬೆಳಕು, ಗುಂಪು ಎಲ್ಲಾ ಸೇರಿ ತುಂಬಿ ಬಂದಿರುತ್ತದೆ. ಆಗ ಹಿಡಿದು ಒತ್ತಿದರೆ ಇನ್ನೂ ಜಾಸ್ತಿ ಒದ್ದಾಡುತ್ತದೆ. ಕತ್ತಲೆ ರೂಮಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಸದ್ದು ನಿಲ್ಲುತ್ತದೆ, ನಿಜ. ಟೀಚರಿಗೆ "ವರ್ಕ್ ಆಯಿತು" ಅನ್ನಿಸುತ್ತದೆ. ದಣಿದು, ಹೆದರಿ ನಿಂತಿದ್ದನ್ನು ಸಮಾಧಾನ ಅಂದುಕೊಳ್ಳುತ್ತಾರೆ.

ಇನ್ನೊಂದು, ದಯವಿಟ್ಟು ಎಲ್ಲರೂ ಗಮನಿಸಿ. ಮಗುವನ್ನು ಬೋರಲು ಮಲಗಿಸಿ ಬೆನ್ನ ಮೇಲೆ ಒತ್ತಿ ಹಿಡಿಯುವುದು ಪ್ರಾಣಕ್ಕೇ ಅಪಾಯ. ಎದೆ ಅರಳಲು ಜಾಗ ಇರುವುದಿಲ್ಲ. "ಉಸಿರಾಡೋಕೆ ಆಗ್ತಿಲ್ಲ" ಅಂತ ಹೇಳಲು ಮಾತಿಲ್ಲದ ಮಗುವಿಗೆ ಆಗುವುದೂ ಇಲ್ಲ.

ಮೂರನೇ ಬೆಂಚಿನ ಅಪ್ಪ (ಮಂಗಳವಾರ ಬೆಳಿಗ್ಗೆ)

ಬೈಯ್ಯಬೇಡಿ, ಇನ್ನೊಂದು ಕಡೆಯನ್ನೂ ಹೇಳುತ್ತೇನೆ. ನನ್ನ ಮಗಳ ಕ್ಲಾಸಲ್ಲಿ ಇಂಥ ಹುಡುಗ ಒಬ್ಬ ಇದ್ದಾನೆ. ಆಗಸ್ಟಿನಲ್ಲಿ ಅವಳ ತೋಳಿಗೆ ಕಚ್ಚಿದ. ಹಲ್ಲಿನ ಗುರುತು ಒಂದು ವಾರ ಇತ್ತು. ಟೀಚರು ಆ ಹುಡುಗನನ್ನು ಆಚೆ ಕರೆದುಕೊಂಡು ಹೋಗದಿದ್ದರೆ ನಾನೇ ಹೋಗಿ ಜಗಳ ಮಾಡುತ್ತಿದ್ದೆ. ಉಳಿದ ನಲವತ್ತು ಮಕ್ಕಳ ಗತಿ ಏನು? ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಟೀಚರು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ, ಏನು ಮಾಡಬಾರದು ಅಂತ ಮಾತ್ರ ಹೇಳುತ್ತಾರೆ.

ಬೋಗಾದಿ ರೋಡ್ ಥೆರಪಿ (ಮಂಗಳವಾರ ಬೆಳಿಗ್ಗೆ)

ಸಾರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕಚ್ಚುವ ಕ್ಷಣದಲ್ಲಿ ಕೈ ಅಡ್ಡ ಹಿಡಿಯಬಾರದು, ರಸ್ತೆಗೆ ಓಡುವ ಮಗುವನ್ನು ತೋಳು ಹಿಡಿದು ಎಳೆಯಬಾರದು ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಅಪಾಯ ತಪ್ಪುವಷ್ಟು ಹೊತ್ತು ಹಿಡಿದು ಬಿಡುವುದಕ್ಕೂ, ಕುರ್ಚಿಗೆ ವೇಲಿನಲ್ಲಿ ಕಟ್ಟಿ ಒಂದು ಪೀರಿಯಡ್ ಕೂರಿಸುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಆಚೆ ಕರೆದುಕೊಂಡು ಹೋಗಿ ದೊಡ್ಡವರೊಬ್ಬರು ಜೊತೆಗಿದ್ದರೆ ತಪ್ಪಿಲ್ಲ. ಬಾಗಿಲು ಹಾಕಿ ಬಂದರೆ ತಪ್ಪು.

ಒಂದು ಪ್ರಶ್ನೆ. ಕಚ್ಚುವ ಮುಂಚೆ ಏನಾಗಿತ್ತು ಅಂತ ಶಾಲೆಯವರು ನಿಮಗೆ ಹೇಳಿದರಾ?

ಮೂರನೇ ಬೆಂಚಿನ ಅಪ್ಪ (ಮಂಗಳವಾರ ಬೆಳಿಗ್ಗೆ)

ಇಲ್ಲ. ಕೇಳಲೂ ಇಲ್ಲ. ಮಗಳನ್ನು ಕೇಳಿ ಹೇಳುತ್ತೇನೆ.

ಅಗ್ರಹಾರದ ತಾತ (ಮಂಗಳವಾರ ಮಧ್ಯಾಹ್ನ)

ನನಗೆ ಎಪ್ಪತ್ತೆರಡು. ಮೊಮ್ಮಗನಿಗಾಗಿ ಇಲ್ಲಿ ಓದುತ್ತಿರುತ್ತೇನೆ. ಒಂದು ಮಾತು. ಜಂಬೂ ಸವಾರಿ ದಿನ 21 ಕುಶಾಲತೋಪು ಹಾರಿಸುತ್ತಾರಲ್ಲ, ಆನೆ ಕುದುರೆ ಬೆದರಬಾರದು ಅಂತ ದಸರಾಗೆ ಮುಂಚೆಯೇ ಅವುಗಳ ಮುಂದೆ ಫಿರಂಗಿ ಹಾರಿಸಿ ತಾಲೀಮು ಕೊಡುತ್ತಾರೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಮಾವುತರು ಪಕ್ಕದಲ್ಲೇ ನಿಂತು ಸವರುತ್ತಿರುತ್ತಾರೆ. ಬೆದರಿದ ಆನೆಗೆ ಯಾರೂ ಬುದ್ಧಿ ಇಲ್ಲ ಎನ್ನುವುದಿಲ್ಲ, ಇನ್ನೂ ರೂಢಿ ಆಗಿಲ್ಲ ಎನ್ನುತ್ತಾರೆ. ನಮ್ಮ ಹುಡುಗನಿಗೆ ಶಾಲೆ ಬೆಲ್ಲು ರೂಢಿ ಮಾಡಿಸಲು ಒಂದು ವಾರ ಕೊಡಿ ಎಂದರೆ "ಸಿಲೆಬಸ್ ಮುಗಿಸಬೇಕು" ಎಂದರು.

(ಆನೆಗೂ ಕಾಲಿಗೆ ಸರಪಳಿ ಹಾಕುತ್ತಾರೆ, ಗೊತ್ತು. ಯಾರಾದರೂ ಹೇಳುವ ಮುಂಚೆ ನಾನೇ ಹೇಳಿದೆ.)

ಪಾಂಡವಪುರ ಮೇಷ್ಟ್ರು (ಮಂಗಳವಾರ ರಾತ್ರಿ)

ಎರಡು ದಿನದಿಂದ ಓದಿ ಸುಮ್ನಿದ್ದೆ. ನಾನು ಸರ್ಕಾರಿ ಶಾಲೆ ಮೇಷ್ಟ್ರು. ಬಾಗಿಲು ಹಾಕಿದವರ ಪೈಕಿ ನಾನೂ ಒಬ್ಬ.

ಐದು ವರ್ಷದ ಹಿಂದೆ. ಒಂದರಿಂದ ಐದರವರೆಗೆ 38 ಮಕ್ಕಳು, ನಾವಿಬ್ಬರು. ಒಂದು ದಿನ ಒಬ್ಬರು ಮೀಟಿಂಗಿಗೆ ಹೋದರೆ ಇನ್ನೊಬ್ಬರೇ. ಏಳು ವರ್ಷದ ಒಬ್ಬ ಹುಡುಗ, ಕುಳಿತಲ್ಲಿ ಕೂರುವುದಿಲ್ಲ. ಗೇಟು ತೆಗೆದಿದ್ದರೆ ಸೀದಾ ನೀರಿನ ಕಡೆ ಓಡುತ್ತಾನೆ. ನಮ್ಮ ಶಾಲೆಗೆ ಇನ್ನೂರು ಹೆಜ್ಜೆ ದೂರದಲ್ಲಿ ನಾಲೆ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು ಮೂವತ್ತು ಜನ ಹೋದದ್ದು ನಮ್ಮ ತಾಲ್ಲೂಕಿನಲ್ಲೇ. ಶಾಲೆ ಮಕ್ಕಳೂ ಇದ್ದರು ಅದರಲ್ಲಿ. ನಾಲೆ ಅಂದರೆ ನಮಗೆ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಅವನನ್ನು ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯಲ್ಲಿ ಬಿಟ್ಟು ಅಗುಳಿ ಹಾಕುತ್ತಿದ್ದೆ. ಅವರಮ್ಮನಿಗೂ ಹೇಳಿದ್ದೆ. ಆಯಮ್ಮ ಕೈ ಮುಗಿದು "ನಾನೂ ಗದ್ದೆಗೆ ಹೋಗುವಾಗ ಮಂಚದ ಕಾಲಿಗೆ ಕಟ್ಟಿಯೇ ಹೋಗೋದು ಸಾ" ಎಂದರು. ಹಾಗಾಗಿ ತಪ್ಪು ಅನ್ನಿಸಲೇ ಇಲ್ಲ.

ಒಂದು ದಿನ ಅಗುಳಿ ತೆಗೆದರೆ ಹುಡುಗ ಮೂಟೆಗಳ ಸಂದಿಯಲ್ಲಿ ತಲೆ ತೂರಿಸಿಕೊಂಡು ಬಟ್ಟೆಯಲ್ಲೇ ಒಂದ ಮಾಡಿಕೊಂಡು ಕುಳಿತಿದ್ದ. ಅಡುಗೆ ಮಾಡುವ ಅಕ್ಕ ನೋಡಿ ಒಂದೇ ಮಾತು ಅಂದರು: "ನಿಮ್ ಮಗೀನ ಹಿಂಗ್ ಕೂಡ್ ಹಾಕ್ತಿದ್ರಾ ಸಾ?" ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಬ್ಲಾಕಿನ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕಿ, ಬಿಐಇಆರ್‌ಟಿ ಮೇಡಂಗೆ ಫೋನ್ ಮಾಡಿದೆ. ಅವರಿಗೆ ಇಡೀ ತಾಲ್ಲೂಕು ಸುತ್ತುವ ಕೆಲಸ, ಬರಲು ಹತ್ತು ದಿನ ಆಯಿತು. ಬಂದವರು ಒಂದು ಹಾಳೆ ಕೊಟ್ಟು ಹೋದರು. ಯಾವಾಗ ಓಡಿದ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು, ಬರೀರಿ ಅಂತ. ಎರಡು ವಾರ ಬರೆದೆ. ನೋಡಿದರೆ ಹತ್ತರಲ್ಲಿ ಏಳು ಸಲ ಬೆಲ್ ಹೊಡೆದ ಮೇಲೆ ಓಡಿದ್ದಾನೆ. ನಮ್ಮದು ತೂಗು ಹಾಕಿದ ಕಬ್ಬಿಣದ ತುಂಡು, ಸುತ್ತಿಗೆಯಲ್ಲಿ ಹೊಡೆಯೋದು. ಪಕ್ಕದ ಕಿಟಕಿಯಲ್ಲೇ ಅವನ ಜಾಗ!

ಜಾಗ ಬದಲಾಯಿಸಿದೆವು. ಆಮೇಲೆ ಬೆಲ್ ಹೊಡೆಯುವ ಕೆಲಸ ಅವನಿಗೇ ಕೊಟ್ಟೆವು. ಸದ್ದು ಯಾವಾಗ ಬರುತ್ತದೆ ಅಂತ ಅವನ ಕೈಯಲ್ಲೇ ಇತ್ತಲ್ಲ, ಹೆದರಿಕೆ ಕಮ್ಮಿ ಆಯಿತು. ಎಸ್‌ಡಿಎಂಸಿಯವರು (ಶಾಲೆಯ ಪೋಷಕರ ಸಮಿತಿ) ಗೇಟಿಗೆ ಮೇಲ್ಗಡೆ ಚಿಲಕ ಹಾಕಿಸಿಕೊಟ್ಟರು. ಗೇಟಿಗೆ ಚಿಲಕ ಹಾಕಿದ ಮೇಲೆ ಹುಡುಗನಿಗೆ ಹಾಕಬೇಕಾಗಲಿಲ್ಲ. ಎಲ್ಲಾ ಸರಿಹೋಯಿತು ಅಂತ ಅಂದುಕೊಳ್ಳಬೇಡಿ, ಆಮೇಲೂ ಎರಡು ಸಲ ಗೋಡೆ ಹಾರಿದ. ಒಂದು ದಿನ ಹತ್ತೂವರೆಗೇ ಲಾಂಗ್ ಬೆಲ್ ಹೊಡೆದು ಇಡೀ ಶಾಲೆ ಮನೆಗೆ ಹೊರಟಿತ್ತು.

ಆ ಹಾಳೆ ಮೊದಲೇ ಬರೆದಿದ್ದರೆ ಆ ಮಗು ಮೂಟೆ ಮಧ್ಯೆ ಕೂರುತ್ತಿರಲಿಲ್ಲ. ಇಲಾಖೆಯ ಫಾರಂಗಳಲ್ಲಿ ರ‍್ಯಾಂಪ್ ಇದೆಯಾ, ಹಿಡಿಕಂಬಿ ಇದೆಯಾ ಅಂತ ಕೇಳುತ್ತಾರೆ. ಈ ತಿಂಗಳು ಯಾವ ಮಗುವನ್ನಾದರೂ ಕೂಡಿ ಹಾಕಿದ್ದೀರಾ ಅಂತ ನನ್ನ ಸರ್ವೀಸಿನಲ್ಲಿ ಯಾರೂ ಕೇಳಿಲ್ಲ.

ಚಿನ್ನು ಅಮ್ಮ, ಕುವೆಂಪುನಗರ (ಮಂಗಳವಾರ ರಾತ್ರಿ)

ಮೇಷ್ಟ್ರೇ, ನಿಮ್ಮ ಮೇಲೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಆದರೂ ಹೇಳಿಕೊಂಡಿದ್ದಕ್ಕೆ ಥ್ಯಾಂಕ್ಸ್. ಆ ಹಾಳೆಯ ಫೋಟೊ ಇದ್ದರೆ ಹಾಕಿ.

ಸೆಕ್ಷನ್ ಸರಸ್ವತಿಪುರಂ (ಬುಧವಾರ ಬೆಳಿಗ್ಗೆ)

ವಕೀಲಿ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ದೈಹಿಕ ಶಿಕ್ಷೆ ಎಂದರೆ ಬರೀ ಹೊಡೆಯುವುದಲ್ಲ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗದ ಮಾರ್ಗಸೂಚಿಯಲ್ಲಿ ಕ್ಲಾಸ್ ರೂಮು, ಲೈಬ್ರರಿ, ಟಾಯ್ಲೆಟ್ಟು ಅಥವಾ ಶಾಲೆಯ ಯಾವುದೇ ಮುಚ್ಚಿದ ಜಾಗದಲ್ಲಿ ಮಗುವನ್ನು ಕೂಡಿ ಹಾಕುವುದೂ ಸೇರಿದೆ. "ಕಾಮ್ ಡೌನ್ ರೂಮ್" ಅಂತ ಬೋರ್ಡು ಬರೆಸಿದರೆ ಅದು ಬದಲಾಗುವುದಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 6 ಮತ್ತು 7ನೇ ಸೆಕ್ಷನ್ ಕ್ರೌರ್ಯ, ಹಿಂಸೆಯಿಂದ ರಕ್ಷಣೆ ಕೊಡುತ್ತವೆ. 7ರ ಪ್ರಕಾರ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು, ನಮ್ಮಲ್ಲಿ ಅಂದರೆ ತಹಸೀಲ್ದಾರರಿಗೆ. ಅಪ್ಪ ಅಮ್ಮನೇ ಆಗಬೇಕು ಅಂತ ಇಲ್ಲ. ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್ನಿನಲ್ಲಿ, ಮಗುವನ್ನು ನೋಡಿಕೊಳ್ಳಬೇಕಾದ ಸಂಸ್ಥೆಯ ನೌಕರರೇ ಕ್ರೌರ್ಯ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ ಇದೆ. ಅಕ್ರಮವಾಗಿ ಕೂಡಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧ, ಸೆಕ್ಷನ್ 127.

ಈಗ ಒಂದು ವಿಚಿತ್ರ ಹೇಳುತ್ತೇನೆ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. 28 ಜನ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸರಪಳಿ ಹಾಕುವುದಕ್ಕೆ ಪೂರ್ತಿ ನಿಷೇಧ ಇದೆ. ಅದರ 97ನೇ ಸೆಕ್ಷನ್ ಓದಿ. ಒಂಟಿಯಾಗಿ ಕೂಡಿ ಹಾಕುವಂತೆಯೇ ಇಲ್ಲ. ಕಟ್ಟುವುದಾದರೆ ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ. ಶಿಕ್ಷೆಗಾಗಿ ಕಟ್ಟುವಂತಿಲ್ಲ. ಏಕೆ, ಹೇಗೆ, ಎಷ್ಟು ಹೊತ್ತು ಅಂತ ಬರೆದಿಡಬೇಕು. ರೋಗಿಯ ಕಡೆಯವರಿಗೆ 24 ಗಂಟೆಯೊಳಗೆ ತಿಳಿಸಬೇಕು. ಇನ್ನೂ ಒಂದು ಮಾತಿದೆ: ಸಿಬ್ಬಂದಿ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಕಟ್ಟುವಂತಿಲ್ಲ.

ಇದು ಆಸ್ಪತ್ರೆಗಳಿಗೆ. ಬುದ್ಧಿಮಾಂದ್ಯತೆ ಆ ಕಾಯ್ದೆಯ ವ್ಯಾಖ್ಯೆಯಿಂದಲೇ ಹೊರಗೆ. ಅಂದರೆ ಮಾನಸಿಕ ಆಸ್ಪತ್ರೆಯಲ್ಲಿರುವ ದೊಡ್ಡವರಿಗೆ ಇಷ್ಟು ಬಿಡಿಸಿ ಬರೆದ ರಕ್ಷಣೆ ಇದೆ. ಎರಡನೇ ಕ್ಲಾಸಿನ ಹುಡುಗನಿಗೆ "ಶಿಕ್ಷೆ ಕೊಡಬಾರದು" ಅಂತ ಮಾತ್ರ ಇದೆ. ಶಾಲೆಯವರು "ಇದು ಶಿಕ್ಷೆಯೇ ಅಲ್ಲ" ಅಂದುಬಿಡುತ್ತಾರೆ.

ಚಿನ್ನು ಅಮ್ಮ, ಪೊಲೀಸ್ ಕಂಪ್ಲೇಂಟ್ ಕೊಡುವುದು ನಿಮಗೆ ಬಿಟ್ಟದ್ದು. ಕೊಡದಿದ್ದರೂ ಶಾಲೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098.

ನೇಪರ್‌ವಿಲ್ ಮೈಸೂರಿಗ (ಬುಧವಾರ ಸಂಜೆ)

ನಾನು ಒಂಟಿಕೊಪ್ಪಲಿನವನು, ಈಗ ಅಮೆರಿಕದ ಇಲಿನಾಯ್‌ನಲ್ಲಿದ್ದೇನೆ. ಅಮೆರಿಕದಲ್ಲಿ ಎಲ್ಲಾ ಚೆನ್ನಾಗಿದೆ ಅಂದುಕೊಂಡಿರುವವರಿಗೆ ಹೇಳುತ್ತೇನೆ. ಇಲ್ಲಿನ ಶಾಲೆಗಳಲ್ಲಿ ಕೂಡಿ ಹಾಕಲೆಂದೇ ಕಟ್ಟಿದ ಪುಟ್ಟ ಕೋಣೆಗಳಿದ್ದವು. ಹೆಸರು ಮಾತ್ರ ಚಂದ, "ಕ್ವಯಟ್ ರೂಮ್". 2019ರಲ್ಲಿ ಪತ್ರಕರ್ತರು ಶಾಲೆಗಳ ದಾಖಲೆ ತರಿಸಿ ಓದಿದರು. ಒಳಗೆ ಮಗು ಏನು ಹೇಳಿ ಅಳುತ್ತಿತ್ತು ಅಂತ ಶಾಲೆಯವರೇ ನಿಮಿಷ ನಿಮಿಷಕ್ಕೂ ಬರೆದಿಟ್ಟಿದ್ದರು. ಸುದ್ದಿ ಬಂದ ಮರುದಿನವೇ ರಾಜ್ಯ ಸರ್ಕಾರ ತುರ್ತು ನಿಯಮ ತಂದಿತು, 2021ರಲ್ಲಿ ಕಾಯ್ದೆಯೂ ಆಯಿತು.

ಇಡೀ ದೇಶದ ಲೆಕ್ಕ: 2017-18ರಲ್ಲಿ ಸುಮಾರು 1,02,000 ಮಕ್ಕಳನ್ನು ಹಿಡಿದು ಅದುಮಿದ್ದಾರೆ, ಕಟ್ಟಿದ್ದಾರೆ ಅಥವಾ ಕೂಡಿ ಹಾಕಿದ್ದಾರೆ. ವಿಶೇಷ ಶಿಕ್ಷಣ ಕಾಯ್ದೆಯಡಿ ಬರುವ ಮಕ್ಕಳು ಶಾಲೆಗಳಲ್ಲಿ ನೂರಕ್ಕೆ 13. ಆದರೆ ಹಿಡಿದು ಅದುಮಿದ ಮಕ್ಕಳಲ್ಲಿ ಅವರೇ ನೂರಕ್ಕೆ 80, ಕೂಡಿ ಹಾಕಿದವರಲ್ಲಿ 77. ದೇಶಕ್ಕೆಲ್ಲಾ ಒಂದೇ ಕಾಯ್ದೆ ಬೇಕು ಅಂತ 2009ರಿಂದ ಮಸೂದೆ ತರುತ್ತಲೇ ಇದ್ದಾರೆ, ಪಾಸಾಗಿಲ್ಲ.

ಪಾಂಡವಪುರ ಮೇಷ್ಟ್ರು (ಬುಧವಾರ ರಾತ್ರಿ)

ಬರೆದಿಟ್ಟಿದ್ದರಿಂದಲೇ ಸಿಕ್ಕಿಬಿದ್ದರು ಅಂತಾಯಿತು. ಇದನ್ನು ಓದಿದರೆ ನಮ್ಮವರು ಇನ್ನು ಏನನ್ನೂ ಬರೆಯುವುದೇ ಇಲ್ಲ.

ಗಾಲಿಕುರ್ಚಿ ಅಮ್ಮ, ಮಂಡ್ಯ (ಗುರುವಾರ ಬೆಳಿಗ್ಗೆ)

ಎಲ್ಲರೂ ಆಟಿಸಂ ಬಗ್ಗೆಯೇ ಬರೆಯುತ್ತಿದ್ದೀರಿ. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗುವುದಿಲ್ಲ. ಅವಳ ಕುರ್ಚಿಗೆ ಸೊಂಟದ ಬೆಲ್ಟು, ಎದೆಯ ಬೆಲ್ಟು ಇದೆ. ಬೆನ್ನು ನೆಟ್ಟಗೆ ಕೂರಲಿ ಅಂತ ಥೆರಪಿಸ್ಟೇ ಅಳತೆ ಹಾಕಿ ಕೊಟ್ಟದ್ದು. ಅದಿದ್ದರೆ ಅವಳು ಎರಡೂ ಕೈ ಬಿಟ್ಟು ಬಣ್ಣ ಹಚ್ಚುತ್ತಾಳೆ. ಬೆಲ್ಟ್ ಅಂದಕೂಡಲೇ ತಪ್ಪು ಅನ್ನಬೇಡಿ, ಮೊನ್ನೆ ಒಬ್ಬರು ನೆಂಟರು ನನಗೇ ಬೈದರು.

ಆದರೆ ಅದೇ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ ಬ್ರೇಕ್ ಹಾಕಿ, ಮಕ್ಕಳನ್ನೆಲ್ಲಾ ಗ್ರೌಂಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅವಳಿಗೆ ಹಗ್ಗ ಬೇಕಾಗಿರಲಿಲ್ಲ, ಬ್ರೇಕೇ ಸಾಕಿತ್ತು. ಇನ್ನೊಂದು ಮಗುವಿನ ಚಿತ್ರದ ಪುಸ್ತಕ ಕಿತ್ತು ಬೀರುವಿನಲ್ಲಿ ಇಡುತ್ತಿದ್ದರು. ಅದರಲ್ಲಿ ಚಿತ್ರ ತೋರಿಸಿಯೇ ಅವನು ನೀರು, ಬಾತ್‌ರೂಮು ಕೇಳೋದು. "ಜಾಸ್ತಿ ಕೇಳ್ತಾನೆ" ಅಂತ ತೆಗೆದಿಟ್ಟರಂತೆ.

ಸುಣ್ಣದ ವಾಸನೆ (ಗುರುವಾರ ಮಧ್ಯಾಹ್ನ)

ನನಗೀಗ ನಲವತ್ತೊಂದು. ಮೂರ್ಛೆ ರೋಗ ಇತ್ತು, ಓದಿನಲ್ಲಿ ನಿಧಾನ. ನಾಲ್ಕನೇ ಕ್ಲಾಸಿನಲ್ಲಿ ನನ್ನನ್ನು ಸುಣ್ಣದ ಡಬ್ಬ ಇಟ್ಟಿದ್ದ ಕೋಣೆಯಲ್ಲಿ ಕೂರಿಸುತ್ತಿದ್ದರು. ಒಳಗೆ ಫಿಟ್ಸ್ ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಶಾಲೆ ಬಿಡಿಸುತ್ತಾರೆ ಅಂತ ಭಯ. ನನಗೆ ಶಾಲೆ ಇಷ್ಟ ಇತ್ತು. ಇವತ್ತಿಗೂ ಹಬ್ಬಕ್ಕೆ ಮನೆಗೆ ಸುಣ್ಣ ಹೊಡೆಯುವ ದಿನ ನಾನು ಊರಲ್ಲಿರುವುದಿಲ್ಲ.

ಮೂರನೇ ಬೆಂಚಿನ ಅಪ್ಪ (ಗುರುವಾರ ರಾತ್ರಿ)

ಮಗಳನ್ನು ಕೇಳಿದೆ. ಅವಳು ಹೇಳಿದ್ದು: ಇವಳೂ ಗೆಳತಿಯರೂ ಸೇರಿ ಅವನ ಕಿವಿ ಹತ್ತಿರ ಟಿಫಿನ್ ಬಾಕ್ಸ್ ಮುಚ್ಚಳ ಬಡಿಯುತ್ತಿದ್ದರಂತೆ, ಅವನು ಕಿವಿ ಮುಚ್ಚಿಕೊಂಡು ಕುಣಿಯುವುದು ನೋಡಲು. ಟೀಚರಿಗೆ ಗೊತ್ತಿಲ್ಲ. ಕಚ್ಚಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ನಾಳೆ ಶಾಲೆಗೆ ಹೋಗಿ ಇದನ್ನು ಹೇಳಿ ಬರುತ್ತೇನೆ.

ನಂಜನಗೂಡು ರಸಬಾಳೆ (ಗುರುವಾರ ರಾತ್ರಿ)

ಸಾರ್, ದೊಡ್ಡ ಮಾತು.

ಒಂದು ಡೌಟು. ಟೀಚರೇ ಇಲ್ಲದಿದ್ದರೆ ಏನು ಮಾಡೋದು? ನಮ್ಮ ಶಾಲೆಯಲ್ಲಿ "ಶ್ಯಾಡೋ ಟೀಚರನ್ನು ನೀವೇ ಇಟ್ಟುಕೊಳ್ಳಿ, ಸಂಬಳ ನೀವೇ ಕೊಡಿ" ಅಂತಾರೆ. ಅಂದರೆ ಕ್ಲಾಸಲ್ಲಿ ಮಗುವಿನ ಜೊತೆಗೇ ಇರುವವರು. ನಂದು ಹೂವಿನ ಅಂಗಡಿ. ಎಲ್ಲಿಂದ ತರಲಿ?

ಸೆಕ್ಷನ್ ಸರಸ್ವತಿಪುರಂ (ಶುಕ್ರವಾರ ಬೆಳಿಗ್ಗೆ)

ಸುಪ್ರೀಂ ಕೋರ್ಟು 2021ರಲ್ಲೇ ಹೇಳಿದೆ. ಪ್ರಾಥಮಿಕದಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ಹಂತದಲ್ಲಿ 15ಕ್ಕೆ ಒಬ್ಬರು. ಹುದ್ದೆ ತುಂಬುವುದು ಬೇರೆ ಕಥೆ. ಅರ್ಜಿಯಲ್ಲಿ ಈ ಲೆಕ್ಕ ಬರೆಯಿರಿ. ಬೆಂಚು ಅಡ್ಡ ಇಟ್ಟಿದ್ದನ್ನೂ ಬರೆಯಿರಿ.

ಚಿನ್ನು ಅಮ್ಮ, ಕುವೆಂಪುನಗರ (ಮುಂದಿನ ಬುಧವಾರ)

ಸೋಮವಾರ ಶಾಲೆಯಲ್ಲಿ ಮೀಟಿಂಗ್ ಆಯಿತು. ನಮ್ಮ ಮನೆಯವರೂ ಬಂದರು. ಬೋಗಾದಿ ರೋಡ್ ಥೆರಪಿಯವರೂ ರಜೆ ಹಾಕಿ ಬಂದರು, ಅವರ ಋಣ ದೊಡ್ಡದು.

ನಾನು ನಾಲ್ಕು ಕೇಳಿದ್ದೆ. ಆ ರೂಮಿನ ಹೊರಗಿನ ಚಿಲಕ ತೆಗೆಯಬೇಕು. ಕುರ್ಚಿಗೆ ಕಟ್ಟಬಾರದು. ಏನೇ ಆದರೂ ಪುಸ್ತಕದಲ್ಲಿ ಬರೆದು ಅವತ್ತೇ ನನಗೆ ಹೇಳಬೇಕು. ಇಷ್ಟು ದಿನ ಆಗಿದ್ದನ್ನು ಬರವಣಿಗೆಯಲ್ಲಿ ಒಪ್ಪಿಕೊಳ್ಳಬೇಕು. ಮೊದಲ ಮೂರಕ್ಕೆ ಹೂಂ ಎಂದರು. ನಾಲ್ಕನೆಯದಕ್ಕೆ ಟ್ರಸ್ಟಿನವರು ಎದ್ದು ಹೋದರು. ಕ್ಲಾಸ್ ಟೀಚರು ಮಾತ್ರ ಗೇಟಿನ ತನಕ ಬಂದು ಅತ್ತರು. ಇಪ್ಪತ್ಮೂರು ವರ್ಷದ ಹುಡುಗಿ, ಇದೇ ಮೊದಲ ಕೆಲಸ. "ಮೇಡಂ, ಬಿ.ಎಡ್‌ನಲ್ಲಿ ಒಂದು ಪೇಪರ್ ಇತ್ತು, ಮಗು ಓಡಿದರೆ ಏನು ಮಾಡಬೇಕು ಅಂತ ಅದರಲ್ಲಿ ಇರಲಿಲ್ಲ" ಎಂದಳು. ಬಿಇಒ ಕಚೇರಿಗೆ ಪ್ರತಿ ಕೊಟ್ಟಿದ್ದೇನೆ. ನಾಲ್ಕನೆಯದನ್ನು ನಾನು ಬಿಡುವುದಿಲ್ಲ.

ಚಿಲಕ ತೆಗೆದಿದ್ದಾರೆ, ನಾಲ್ಕು ಸ್ಕ್ರೂ ತೂತು ಕಾಣುತ್ತದೆ. ಪುಸ್ತಕದಲ್ಲಿ ಮೊದಲ ದಿನದ ಬರಹ: "11.20. ಬೆಲ್. ಕಿವಿ ಮುಚ್ಚಿದ. ಬಾಗಿಲ ಹತ್ತಿರ ಓಡಿದ. ಆಯಾ ಜೊತೆ ಬೇವಿನ ಮರದ ಕೆಳಗೆ. 6 ನಿಮಿಷ. ವಾಪಸ್ ಬಂದ. ಗಣಿತ ಮಾಡಿದ."

ಬೊಂಬೆಗಳನ್ನೆಲ್ಲಾ ಪೆಟ್ಟಿಗೆಗೆ ಹಾಕಿದೆ, ಶೆಟ್ಟಿಯನ್ನು ಮಾತ್ರ ಹೊರಗಿಟ್ಟಿದ್ದೇನೆ. ನಿನ್ನೆ ಮತ್ತೆ ಬಚ್ಚಲಿಗೆ ಒಯ್ದ. ಈ ಸಲ ಲೈಟ್ ಆರಿಸಲಿಲ್ಲ.

ಹುಣಸೂರು ರೋಡ್ ಅತ್ತೆ (ಮುಂದಿನ ಬುಧವಾರ)

ಚಿನ್ನು ಅಮ್ಮ, ನನ್ನ ನಾದಿನಿ ಮಗನ ಶಾಲೆಯಲ್ಲೂ ಕೇಳಬೇಕು. ನಿಮ್ಮ ಅರ್ಜಿಯ ಫೋಟೊ ಹಾಕುತ್ತೀರಾ? ಹೆಸರು ಅಳಿಸಿ ಹಾಕಿ.

ಚಿನ್ನು ಅಮ್ಮ, ಕುವೆಂಪುನಗರ (ಮುಂದಿನ ಬುಧವಾರ)

ಹಾಕುತ್ತೇನೆ. ಕರೆಂಟ್ ಹೋಗಿದೆ, ಬಂದ ತಕ್ಷಣ. ಮೇಷ್ಟ್ರೇ, ಹಾಳೆ ಫೋಟೊ ನೀವಿನ್ನೂ ಹಾಕಿಲ್ಲ.